ಅರಿಶಿನಕುಂಟೆಯ ತಾರಸಿ ಮೇಲೆ ಸೂರ್ಯ

ನೆಲಮಂಗಲಕ್ಕೆ ಅಂಟಿಕೊಂಡಿರುವ ಅರಿಶಿನಕುಂಟೆಯಲ್ಲಿ ರಾತ್ರಿ ಹತ್ತರ ಹೊತ್ತಿಗೆ ತಾರಸಿ ಹತ್ತಿದರೆ ಬೆಂಗಳೂರು ಯಾವ ದಿಕ್ಕಿಗಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಆಗ್ನೇಯದ ಆಕಾಶ ನಡುರಾತ್ರಿಯಲ್ಲೂ ಬೆಳಗಿನ ಜಾವದ ಹಾಗೆ ಬೆಳ್ಳಗಿರುತ್ತದೆ. ಹೆದ್ದಾರಿಯ ಲಾರಿಗಳ ಹೆಡ್‌ಲೈಟು, ಗೋದಾಮುಗಳ ಫ್ಲಡ್‌ಲೈಟು, ಬಡಾವಣೆಯ ಬೀದಿದೀಪ ಎಲ್ಲವೂ ಮೇಲಿನ ಧೂಳಿಗೆ ಬಡಿದು ವಾಪಸು ಬರುತ್ತವೆ. ಕ್ಯಾಮೆರಾವನ್ನು ಟ್ರೈಪಾಡಿಗೆ ಕೂರಿಸಿ ಮೂವತ್ತು ಸೆಕೆಂಡು ಷಟರ್ ತೆರೆದಿಟ್ಟರೆ ಸಿಗುವುದು ಆ ಬೆಳಕಿನ ಚಿತ್ರವೇ. ಸೋಡಿಯಂ ದೀಪಗಳ ಕಾಲದಲ್ಲಿ ಅದು ಅರಿಶಿನ ಕದಡಿದ ಕುಂಟೆಯಂತೆ ಕಾಣುತ್ತಿತ್ತು, ಊರಿನ ಹೆಸರಿಗೆ ತಕ್ಕ ಹಾಗೆ. ಈಗ ಎಲ್‌ಇಡಿ ಬಂದ ಮೇಲೆ ನೀರು ಬೆರೆಸಿದ ಹಾಲು.

ಇಂಥ ಕಡೆ ನಿಂತು ನಕ್ಷತ್ರಗಳ ಫೋಟೋ ತೆಗೆಯುತ್ತೇನೆಂದರೆ ಮನೆಯವರು ನಗುತ್ತಾರೆ. ಆದರೂ ತೆಗೆಯಬಹುದು. ಅದರಲ್ಲಿ ಅರ್ಧ ಕ್ಯಾಮೆರಾದ ಕೆಲಸ, ಅರ್ಧ ಲೆಕ್ಕದ ಕೆಲಸ.

ಮೊದಲ ತೊಡಕು ಬೀದಿದೀಪದಿಂದ ಬರುವುದಿಲ್ಲ, ಕಾಲಡಿಯ ಭೂಮಿಯಿಂದಲೇ ಬರುತ್ತದೆ. ಭೂಮಿ ತಿರುಗುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. 18 ಮಿಲಿಮೀಟರ್ ಲೆನ್ಸಿನಲ್ಲಿ ಇಪ್ಪತ್ತೇಳು ಸೆಕೆಂಡು ದಾಟಿದರೆ ಚುಕ್ಕಿ ಹೋಗಿ ಗೆರೆಯಾಗುತ್ತದೆ. 200 ಮಿಲಿಮೀಟರ್ ಲೆನ್ಸಿಗೆ ಎರಡೂವರೆ ಸೆಕೆಂಡಷ್ಟೇ ಗಡುವು. 500ನ್ನು ಲೆನ್ಸಿನ ನಾಭಿದೂರದಿಂದ ಭಾಗಿಸಿದರೆ ಸಿಗುವ ಅಂದಾಜು ಇದು. ಸಣ್ಣ ಸೆನ್ಸರ್ ಇರುವ ಕ್ಯಾಮೆರಾಗಳಿಗೆ ಗಡುವು ಇನ್ನೂ ಕಡಿಮೆ. ಇದನ್ನು ಮೀರಬೇಕೆಂದರೆ ಭೂಮಿಯ ವೇಗದಲ್ಲೇ ಎದುರು ದಿಕ್ಕಿಗೆ ತಿರುಗುವ ಮೌಂಟ್ ಬೇಕು. ಅದರ ಅಚ್ಚನ್ನು ಧ್ರುವ ನಕ್ಷತ್ರದ ಕಡೆಗೆ ಗುರಿಯಿಟ್ಟು ಕೂರಿಸಬೇಕು. ಅರಿಶಿನಕುಂಟೆಯಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 13 ಡಿಗ್ರಿ ಮಾತ್ರ ಮೇಲಿದೆ. ತೋಳು ಚಾಚಿ ಮುಷ್ಟಿ ಹಿಡಿದು, ಅದರ ಮೇಲೆ ಎರಡು ಬೆರಳು ಇಟ್ಟಷ್ಟು. ಬಡಗಣ ಮನೆಯವರು ತಾರಸಿ ಮೇಲೆ ನೀರಿನ ಟ್ಯಾಂಕು ಕೂರಿಸಿದರೆ ಮುಗಿಯಿತು, ಧ್ರುವ ನಿಮ್ಮ ಪಾಲಿಗಿಲ್ಲ.

ಆದರೆ ಇದೇ 13 ಡಿಗ್ರಿ ತೆಂಕಣ ಆಕಾಶದಲ್ಲಿ ನಮಗೆ ಲಾಭ ಕೊಡುತ್ತದೆ. ಏಪ್ರಿಲ್, ಮೇ ತಿಂಗಳ ರಾತ್ರಿಗಳಲ್ಲಿ ತ್ರಿಶಂಕುವಿನ ಶಿಲುಬೆ ದಕ್ಷಿಣದ ಅಂಚಿನಲ್ಲಿ ನೆಟ್ಟಗೆ ನಿಂತಿರುತ್ತದೆ. ಅದಕ್ಕಿಂತ ಮೇಲೆ, ಸುಮಾರು ಮೂವತ್ತು ಡಿಗ್ರಿ ಎತ್ತರದಲ್ಲಿ, ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ. ಒಂದು ಕೋಟಿಯಷ್ಟು ನಕ್ಷತ್ರಗಳ ಒಂದು ಮುದ್ದೆ. ಲಂಡನ್ನಿನ ಹವ್ಯಾಸಿ ಎಷ್ಟು ದುಡ್ಡು ಸುರಿದರೂ ತನ್ನ ಹಿತ್ತಲಿಂದ ಇದರ ಚಿತ್ರ ತೆಗೆಯಲಾರ. ಅಲ್ಲಿ ಅದು ಹುಟ್ಟುವುದೇ ಇಲ್ಲ.

ಬೀದಿಬೆಳಕಿನ ಕಾಟಕ್ಕೆ ಮದ್ದು ರಾಗಿ ಕೇರುವ ಮೊರದಲ್ಲಿದೆ. ಒಂದು ಉದ್ದನೆಯ ಎಕ್ಸ್‌ಪೋಷರ್ ಬದಲು ನೂರು ಚಿಕ್ಕವನ್ನು ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಜೋಡಿಸುತ್ತಾರೆ. ಸ್ಟ್ಯಾಕ್ ಮಾಡುವುದು ಎನ್ನುತ್ತಾರೆ. ನಕ್ಷತ್ರದ ಬೆಳಕು ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಬೀಳುತ್ತದೆ. ಸೆನ್ಸರ್‌ನ ಕರಕರೆ, ಬೆಳಕಿನ ಏರಿಳಿತ ಪ್ರತಿ ಸಲ ಬೇರೆ ಬೇರೆ ಕಡೆ ಬೀಳುತ್ತದೆ. ಕೇರಿದಂತೆಲ್ಲ ಹೊಟ್ಟು ಹಾರುತ್ತದೆ, ಕಾಳು ಮೊರದಲ್ಲೇ ಉಳಿಯುತ್ತದೆ. ನೂರು ಚಿತ್ರ ಸೇರಿಸಿದರೆ ಕರಕರೆ ನೂರು ಪಟ್ಟು ತಗ್ಗುವುದಿಲ್ಲ, ಹತ್ತು ಪಟ್ಟು ತಗ್ಗುತ್ತದೆ. ಲಾಭ ಸಂಖ್ಯೆಯ ವರ್ಗಮೂಲದಷ್ಟೇ. ಇನ್ನೊಂದು ಹತ್ತು ಪಟ್ಟು ಬೇಕೆಂದರೆ ಹತ್ತು ಸಾವಿರ ಚಿತ್ರ ಬೇಕು. ದೇವನಹಳ್ಳಿಗೆ ಇಳಿಯುವ ವಿಮಾನ ಒಂದೆರಡು ಚಿತ್ರದಲ್ಲಿ ಅಡ್ಡ ಗೆರೆ ಎಳೆದಿದ್ದರೆ, ಉಳಿದ ತೊಂಬತ್ತೆಂಟರಲ್ಲಿ ಅದಿಲ್ಲವಲ್ಲ, ಸಾಫ್ಟ್‌ವೇರ್ ಅದನ್ನು ಎತ್ತಿ ಎಸೆಯುತ್ತದೆ. ಸಿರಿಲ್, ಡೀಪ್‌ಸ್ಕೈಸ್ಟ್ಯಾಕರ್ ಎಂಬ ತಂತ್ರಾಂಶಗಳು ಬಿಟ್ಟಿ ಸಿಗುತ್ತವೆ.

ಧೂಳಿಗೂ ಒಂದು ಉಪಾಯವಿದೆ. ಸೆನ್ಸರ್ ಬಳಿ ಕೂತ ಧೂಳಿನ ಕಣ ಚಿತ್ರದಲ್ಲಿ ಉದ್ದಿನ ವಡೆಯಂತೆ, ನಡುವೆ ತೂತಿರುವ ನೆರಳಾಗಿ ಕಾಣುತ್ತದೆ. ಬೆಳಕು ಹರಿಯುವಾಗ ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ ದೂರದರ್ಶಕದ ಬಾಯಿಗೆ ಬಿಗಿದು, ಫೋಕಸ್ ಕದಲಿಸದೆ, ಇಪ್ಪತ್ತು ಚಿತ್ರ ತೆಗೆದಿಟ್ಟುಕೊಳ್ಳಬೇಕು. ಅದರಲ್ಲಿ ನಕ್ಷತ್ರಗಳಿರುವುದಿಲ್ಲ, ವಡೆಗಳಿರುತ್ತವೆ. ರಾತ್ರಿಯ ಚಿತ್ರವನ್ನು ಇದರಿಂದ ಭಾಗಿಸಿದರೆ ವಡೆ ಮಾಯ.

ಸೋಡಿಯಂ ದೀಪವನ್ನು ನಾವೆಲ್ಲ ಬೈದೆವು. ಈಗ ಅದೇ ವಾಸಿಯಿತ್ತು ಅನ್ನಿಸುತ್ತದೆ. ಅದರ ಬೆಳಕು ಬಹುಪಾಲು ಹಳದಿಯಲ್ಲೇ, 589 ನ್ಯಾನೊಮೀಟರಿನ ಆಸುಪಾಸಿನಲ್ಲೇ ಇರುತ್ತಿತ್ತು. ಆ ತುಂಡನ್ನಷ್ಟೇ ತಡೆಯುವ ಫಿಲ್ಟರ್ ಹಾಕಿದರೆ ಸಾಕಾಗುತ್ತಿತ್ತು. ಎಲ್‌ಇಡಿ ನೀಲಿಯಿಂದ ಕೆಂಪಿನವರೆಗೆ ಎಲ್ಲ ಬಣ್ಣವನ್ನೂ ಚೆಲ್ಲುತ್ತದೆ. ಹಾಗಾಗಿ ಈಗಿನವರು ಉಲ್ಟಾ ದಾರಿ ಹಿಡಿದಿದ್ದಾರೆ: ಎಲ್ಲವನ್ನೂ ತಡೆದು, ಹೈಡ್ರೋಜನ್ ಉಗುಳುವ 656.3 ನ್ಯಾನೊಮೀಟರಿನ ಕೆಂಪನ್ನು ಮಾತ್ರ ಬಿಡುವ ಕಿರಿದಾದ ಫಿಲ್ಟರ್. ಮಹಾವ್ಯಾಧನ ಕತ್ತಿಯ ನೀಹಾರಿಕೆ ಅದರಲ್ಲಿ ನೆಲಮಂಗಲದಿಂದಲೂ ಚೆನ್ನಾಗಿ ಬರುತ್ತದೆ. ದೇವಯಾನಿ ಗೆಲಾಕ್ಸಿ ಬರುವುದಿಲ್ಲ; ಅದರ ಬೆಳಕು ನಕ್ಷತ್ರಗಳದು, ಎಲ್ಲ ಬಣ್ಣದ್ದು. ಆಕಾಶಗಂಗೆಯ ನಡುಭಾಗವಂತೂ ಸಂಜೆಯ ಆಕಾಶಕ್ಕೆ ಬರುವ ಹೊತ್ತಿಗೆ ಮುಂಗಾರು ಬಂದಿರುತ್ತದೆ. ಅದನ್ನು ಹಿಡಿಯಬೇಕಾದವರು ಫೆಬ್ರವರಿ, ಮಾರ್ಚಿನಲ್ಲಿ ಬೆಳಗಿನ ಮೂರು ಗಂಟೆಗೆ ಎದ್ದು, ಊರುಗಳಿಂದ ದೂರ ಗಾಡಿ ಓಡಿಸಬೇಕು.

ಇಷ್ಟೆಲ್ಲ ಪಡಿಪಾಟಲು ಪಟ್ಟವನ ಅಭಿಪ್ರಾಯ ಒಂದಿದೆ. ಹೆದ್ದಾರಿ ಪಕ್ಕದ ಊರಿನಲ್ಲಿ ಹೊಸದಾಗಿ ಕ್ಯಾಮೆರಾ ಹಿಡಿಯುವವರು ನೀಹಾರಿಕೆಯಿಂದ ಶುರು ಮಾಡಬಾರದು. ಯಾವ ಬೀದಿದೀಪವೂ ಮಂಕು ಮಾಡಲಾಗದ ನಕ್ಷತ್ರ ಒಂದಿದೆ, ಅದು ಬೆಳಿಗ್ಗೆ ಆರೂವರೆಗೆ ಹುಟ್ಟುತ್ತದೆ.

ಸೂರ್ಯನ ಚಿತ್ರ ತೆಗೆಯುವ ಚಾಳಿ ನಮ್ಮ ಸೀಮೆಗೆ ಹೊಸದಲ್ಲ. 1871ರ ಡಿಸೆಂಬರ್ 12ರ ಖಗ್ರಾಸ ಗ್ರಹಣಕ್ಕೆ ಬ್ರಿಟಿಷ್ ವಿಜ್ಞಾನಿಗಳ ತಂಡವೊಂದು ಬೇಕಲ ಕೋಟೆಗೆ ಬಂದಿಳಿದಿತ್ತು. ಈಗ ಕಾಸರಗೋಡು ಜಿಲ್ಲೆಯಲ್ಲಿರುವ ಬೇಕಲ ಆಗ ದಕ್ಷಿಣ ಕೆನರಾಕ್ಕೆ ಸೇರಿತ್ತು. ತಂಡದ ಮುಖ್ಯಸ್ಥ ನಾರ್ಮನ್ ಲಾಕಿಯರ್. ಗಾಜಿನ ಫಲಕಕ್ಕೆ ಕೊಲೋಡಿಯನ್ ಬಳಿದು, ಅದು ಒದ್ದೆಯಿರುವಾಗಲೇ ಚಿತ್ರ ತೆಗೆದು, ಒಣಗುವ ಮುಂಚೆ ತೊಳೆಯಬೇಕಾದ ಕಾಲ ಅದು. ಸೂರ್ಯ ಪೂರ್ತಿ ಮುಚ್ಚಿದ ಎರಡು ನಿಮಿಷದಷ್ಟು ಅವಧಿಯಲ್ಲಿ, ಸುತ್ತಲಿನ ಮುತ್ತಿನ ಬಣ್ಣದ ಪ್ರಭೆಯನ್ನು, ಅಂದರೆ ಕರೋನಾವನ್ನು, ಕೋಟೆಯಿಂದಲೇ ಫಲಕಗಳ ಮೇಲೆ ಹಿಡಿದರು. ಇದೇ ಲಾಕಿಯರ್ ಮೂರು ವರ್ಷ ಮೊದಲು ಸೂರ್ಯನ ಬೆಳಕಿನಲ್ಲಿ ಒಂದು ಹಳದಿ ಗೆರೆಯನ್ನು ಕಂಡು, ಅದು ಸೋಡಿಯಂ ಅಲ್ಲವೆಂದು ಹಟ ಹಿಡಿದವರು. ನಮ್ಮ ಹಳೆಯ ಬೀದಿದೀಪದ ಹಳದಿ 589 ನ್ಯಾನೊಮೀಟರ್. ಅವರು ಕಂಡದ್ದು 587.6. ಆ ಕೂದಲೆಳೆಯ ವ್ಯತ್ಯಾಸದಿಂದ ಹೀಲಿಯಂ ಎಂಬ ಹೊಸ ಧಾತು ಸಿಕ್ಕಿತು.

ಅದೇ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ 2019ರ ಡಿಸೆಂಬರ್ 26ರಂದು ಕಂಕಣ ಗ್ರಹಣ ಕಾಣಿಸಿತು. ಈ ನಡುವೆ, 1980ರ ಫೆಬ್ರವರಿ 16ರಂದು, ಅಂಕೋಲಾ, ಹುಬ್ಬಳ್ಳಿ, ಗದಗ, ರಾಯಚೂರಿನ ಮೇಲೆ ಖಗ್ರಾಸದ ನೆರಳು ಹಾದುಹೋಗಿತ್ತು. ಗ್ರಹಣಕ್ಕೆ ಕಾಯದೆಯೇ ಕರೋನಾ ನೋಡುವ ಉಪಕರಣವೊಂದು ತಯಾರಾದದ್ದು ನಮ್ಮದೇ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ. ಹೊಸಕೋಟೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಕ್ರೆಸ್ಟ್ ಆವರಣದಲ್ಲಿ ಆದಿತ್ಯ-ಎಲ್1 ನೌಕೆಯ ವೆಲ್ಕ್ ಉಪಕರಣವನ್ನು ಜೋಡಿಸಿದರು. ಒಳಗೆ ಸೂರ್ಯನ ಬಿಂಬವನ್ನು ಮರೆಮಾಡುವ ಏರ್ಪಾಡಿದೆ. ಚಂದ್ರನ ಕೆಲಸವನ್ನು ಅದೇ ಮಾಡುತ್ತದೆ. 2023ರ ಸೆಪ್ಟೆಂಬರ್ 2ರಂದು ಹೊರಟ ನೌಕೆ 2024ರ ಜನವರಿ 6ಕ್ಕೆ 15 ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆ ಸೇರಿತು. ಬೇಕಲದವರಿಗೆ ಎರಡು ನಿಮಿಷ ಸಿಕ್ಕಿದ್ದು ಅಲ್ಲಿ ದಿನವಿಡೀ ಸಿಗುತ್ತದೆ.

ತಾರಸಿಯ ಹವ್ಯಾಸಿಗೆ ಕರೋನಾ ಸಿಗದು. ಆದರೆ ಬಿಂಬ ಸಿಗುತ್ತದೆ, ಅದರ ಮೇಲಿನ ಕಲೆಗಳು ಸಿಗುತ್ತವೆ. ಬೇಕಾದದ್ದು ಸೂರ್ಯನ ಬೆಳಕನ್ನು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸುವ ಸೌರ ಫಿಲ್ಟರ್ ಹಾಳೆ. ಅದನ್ನು ರಟ್ಟಿನ ಬಳೆಗೆ ಅಂಟಿಸಿ ಲೆನ್ಸಿನ ಅಥವಾ ದೂರದರ್ಶಕದ ಮುಂದೆ, ಬೆಳಕು ಒಳಗೆ ಹೋಗುವ ಕಡೆ, ಗಾಳಿಗೆ ಹಾರದಂತೆ ಕಟ್ಟಬೇಕು. ಕಣ್ಣಿಡುವ ಕಡೆ ತಿರುಪಿ ಹಾಕುವ ಕಪ್ಪು ಗಾಜು ಕಂಡರೆ ಎಸೆದುಬಿಡಿ. ಒಟ್ಟುಗೂಡಿದ ಬಿಸಿಲಿಗೆ ಅದು ಬಿರಿಯುತ್ತದೆ. ಎಕ್ಸ್‌ರೇ ಹಾಳೆ, ಸಿ.ಡಿ., ಮಸಿ ಹಿಡಿಸಿದ ಗಾಜು ಯಾವುದೂ ಬೇಡ.

ದೊಡ್ಡ ಕೊಳವೆಗೆ ಫಿಲ್ಟರ್ ಕಟ್ಟಿ, ಪಕ್ಕದಲ್ಲಿರುವ, ಗುರಿ ಹಿಡಿಯುವ ಬೆರಳುದ್ದದ ಫೈಂಡರ್ ಕೊಳವೆಯನ್ನು ಮರೆಯುವುದು ಹೊಸಬರ ತಪ್ಪು. ನಾನೂ ಮರೆತಿದ್ದೆ. ಕ್ಯಾಮೆರಾದ ಮೇಲೆ ಬಗ್ಗಿ ಫೋಕಸ್ ತಿರುಗಿಸುತ್ತಿದ್ದಾಗ ಸುಟ್ಟ ಬಟ್ಟೆಯ ವಾಸನೆ ಬಂತು. ಕೆಳಗಿನ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಮರೆತರೇನೋ ಅಂದುಕೊಂಡೆ. ಹೊಗೆ ಬರುತ್ತಿದ್ದದ್ದು ನನ್ನ ಅಂಗಿಯ ಜೇಬಿನಿಂದ. ಕಡಲೆಕಾಳಿನಷ್ಟು ತೂತು. ಅಲ್ಲಿ ಕಣ್ಣು ಇರಲಿಲ್ಲ, ಅಷ್ಟೇ. ಆಮೇಲೆ ಫೈಂಡರನ್ನು ಕಳಚಿ ಮನೆಯೊಳಗೇ ಇಟ್ಟು ಬರುತ್ತೇನೆ. ಸೂರ್ಯನನ್ನು ಗುರಿ ಹಿಡಿಯಲು ಕೊಳವೆಯ ನೆರಳು ಸಾಕು. ನೆಲದ ಮೇಲೆ ನೆರಳು ಅತಿ ಚಿಕ್ಕದಾದಾಗ ಕೊಳವೆ ಸೂರ್ಯನತ್ತ ತಿರುಗಿರುತ್ತದೆ.

ಒಳ್ಳೆಯ ಹೊತ್ತು ಬೆಳಿಗ್ಗೆ ಏಳೂವರೆಯಿಂದ ಒಂಬತ್ತು. ಆಮೇಲೆ ಕಾಂಕ್ರೀಟು ಕಾದು ದೋಸೆಕಲ್ಲಿನ ಮೇಲಿನ ಗಾಳಿಯಂತೆ ಬಿಂಬವೆಲ್ಲ ಕುದಿಯತೊಡಗುತ್ತದೆ. ನೀರಿನ ಮೇಲಿನ ಗಾಳಿ ಅಷ್ಟು ಕುದಿಯುವುದಿಲ್ಲ. ಉದಯಪುರದ ಸೌರ ವೀಕ್ಷಣಾಲಯವನ್ನು ಫತೇಸಾಗರ ಕೆರೆಯ ನಡುವೆ ಕಟ್ಟಿದ್ದು ಇದಕ್ಕೇ. ಹೆಸರಿನಲ್ಲಿ ಕುಂಟೆ ಇಟ್ಟುಕೊಂಡ ಊರಿನವರು, ನೀರಿರುವ ಕೆರೆ ಹತ್ತಿರವಿದ್ದರೆ ಏರಿಯ ಮೇಲೆ ಟ್ರೈಪಾಡ್ ಹೂಡಿ ನೋಡಬಹುದು. ಕುದಿತಕ್ಕೆ ಇನ್ನೊಂದು ಮದ್ದು ಮತ್ತೆ ಮೊರವೇ: ಫೋಟೋ ಬದಲು ವಿಡಿಯೋ ತೆಗೆದು, ಅದರ ಸಾವಿರಾರು ಫ್ರೇಮುಗಳಲ್ಲಿ ಗಾಳಿ ಕ್ಷಣಮಾತ್ರ ನಿಂತಾಗಿನ ನೂರಕ್ಕೆ ಹತ್ತನ್ನು ಮಾತ್ರ ಆರಿಸಿ ಸ್ಟ್ಯಾಕ್ ಮಾಡುವುದು. ಆಟೋಸ್ಟ್ಯಾಕರ್ಟ್ ಎಂಬ ತಂತ್ರಾಂಶ ಈ ಆಯ್ಕೆಯನ್ನು ತಾನೇ ಮಾಡುತ್ತದೆ. ಬಂದ ಸೂರ್ಯ ಬೆಳ್ಳಗಿರುತ್ತಾನೆ. ಪತ್ರಿಕೆಗಳಲ್ಲಿ ಕಾಣುವ ಹಳದಿ ಬಹಳ ಸಲ ಆಮೇಲೆ ಬಳಿದ ಅರಿಶಿನ.

ಒಂದು ಚಿತ್ರಕ್ಕಿಂತ ದಿನಕ್ಕೊಂದು ಚಿತ್ರ ಹೆಚ್ಚು ಕಲಿಸುತ್ತದೆ. ಕೊಡೈಕನಾಲಿನ ವೀಕ್ಷಣಾಲಯದಲ್ಲಿ 1904ರಿಂದ, ಮೋಡವಿಲ್ಲದ ದಿನಗಳಲ್ಲಿ, ಸೂರ್ಯನ ಚಿತ್ರ ತೆಗೆಯುತ್ತ ಬಂದಿದ್ದಾರೆ. ಹತ್ತು ದಿನ ಅದೇ ಹೊತ್ತಿಗೆ ತೆಗೆದು ಸಾಲಾಗಿ ಇಟ್ಟರೆ ಕಲೆಗಳು ಪೂರ್ವದ ಅಂಚಿನಿಂದ ಪಶ್ಚಿಮಕ್ಕೆ ನಡೆಯುವುದು ಕಾಣುತ್ತದೆ. ಸೂರ್ಯ ನಮಗೆ ಕಾಣುವಂತೆ ಸುಮಾರು 27 ದಿನಕ್ಕೊಮ್ಮೆ ತಿರುಗುತ್ತಾನೆ ಎಂಬುದನ್ನು ಪುಸ್ತಕ ನೋಡದೆ ನೀವೇ ಅಳೆಯಬಹುದು. 2024ರ ಮೇ ತಿಂಗಳಲ್ಲಿ 3664 ಎಂಬ ಸಂಖ್ಯೆಯ ಕಲೆಗಳ ಗುಂಪು ಭೂಮಿಯ ವ್ಯಾಸದ ಹದಿನೈದು ಪಟ್ಟು ಅಗಲಕ್ಕೆ ಹರಡಿತ್ತು. ದೂರದರ್ಶಕವಿಲ್ಲದೆ, ಗ್ರಹಣದ ಕನ್ನಡಕದಲ್ಲೇ ಕಾಣುತ್ತಿತ್ತು. ಅದು ಉಗುಳಿದ್ದು ಭೂಮಿಗೆ ತಲುಪಿದ ರಾತ್ರಿ ಲಡಾಖಿನ ಹಾನ್ಲೆಯ ಆಕಾಶ ಕೆಂಪೇರಿತು. ಆ ಹಾನ್ಲೆಯ ಎರಡು ಮೀಟರ್ ದೂರದರ್ಶಕವನ್ನು ನಡೆಸುವುದೂ ಇದೇ ಹೊಸಕೋಟೆಯಿಂದ, ಉಪಗ್ರಹದ ಸಂಪರ್ಕದಲ್ಲಿ.

ಮುಂದಿನ ದೊಡ್ಡ ಅವಕಾಶಕ್ಕೆ ತಾರೀಖು ಗೊತ್ತಾಗಿದೆ. 2027ರ ಆಗಸ್ಟ್ 2ರ ಸಂಜೆಯ ಪಾರ್ಶ್ವ ಗ್ರಹಣ ಮಳೆಗಾಲದ್ದು, ಅದನ್ನು ನಂಬಬೇಡಿ. 2031ರ ಮೇ 21, ಬುಧವಾರ, ಕಂಕಣ ಗ್ರಹಣದ ಪಟ್ಟಿ ಕೇರಳ, ತಮಿಳುನಾಡಿನ ಮೇಲೆ ಹಾದುಹೋಗುತ್ತದೆ. ಅರಿಶಿನಕುಂಟೆಯಿಂದ ನೋಡಿದರೆ ಕಚ್ಚಿದ ಸೂರ್ಯ. ಫಿಲ್ಟರ್ ಹಾಳೆಯನ್ನು ಈಗಲೇ ತರಿಸಿಕೊಳ್ಳಿ, ಗ್ರಹಣದ ವಾರದಲ್ಲಿ ಸಿಗುವುದಿಲ್ಲ. ಫೈಂಡರಿಗೂ ಒಂದು ತುಂಡು ಕತ್ತರಿಸಿ ಇಟ್ಟುಕೊಳ್ಳಿ.