ಬಿಟ್ಟುಹೋದ ಪದಕಗಳು

ದಂಡಿನಿಂದ ಹಿಂದಿರುಗಿದ ಸಿಪಾಯಿಯ ಟ್ರಂಕಿನಲ್ಲಿ ಸಾಮಾನ್ಯವಾಗಿ ಎರಡು ವಸ್ತುಗಳಿರುತ್ತವೆ. ಒಂದು, ಬಣ್ಣದ ಪಟ್ಟಿಯಿಂದ ತೂಗುವ ಪದಕ. ಇನ್ನೊಂದು, ಮಡಿಸಿ ಮಡಿಸಿ ಅಂಚು ಹರಿದ ಬಿಡುಗಡೆಯ ಕಾಗದ. ಸ್ವಾತಂತ್ರ್ಯೋತ್ಸವದ ದಿನ ಹಳೆಯ ಕೋಟು ತೊಟ್ಟು ಶಾಲೆಯ ಬಾವುಟದ ಕೆಳಗೆ ಬಂದು ನಿಲ್ಲುವ ಮುದುಕನನ್ನು ಕಂಡಾಗ ನಮ್ಮ ದೃಷ್ಟಿ ಹರಿಯುವುದು ಅವನ ಎದೆಯ ಮೇಲಿನ ಪದಕದ ಕಡೆಗೆ. ಸರ್ಕಾರದ ದೃಷ್ಟಿ ಮಾತ್ರ ಟ್ರಂಕಿನಲ್ಲಿರುವ ಕಾಗದದ ಕಡೆಗೇ ಹರಿಯುತ್ತದೆ. ಕಾಗದದಲ್ಲಿ ಬರೆದಿದ್ದರೆ ಪದಕ ಉಂಟು, ಬರೆಯದಿದ್ದರೆ ಇಲ್ಲ. ಗಾಯದ ಕಲೆ ಮೈಮೇಲೆ ಎಷ್ಟು ಸ್ಪಷ್ಟವಾಗಿ ಕಾಣುತ್ತಿದ್ದರೂ ಅಷ್ಟೆ.

ಹಾಗಾದರೆ ಬರೆಯಬೇಕಾದದ್ದನ್ನು ಬರೆಯದೆ ಬಿಟ್ಟಿದ್ದರೆ ಗತಿಯೇನು? ಈ ಪ್ರಶ್ನೆ ಎಲ್ಲ ದೇಶಗಳ ಸೈನ್ಯಗಳಲ್ಲಿಯೂ ಏಳತಕ್ಕದ್ದೇ. ಇಲ್ಲಿ ನಾನು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಉದಾಹರಣೆಯನ್ನು ಎತ್ತಿಕೊಂಡಿದ್ದೇನೆ. ಅಲ್ಲಿ ಈ ಬಗೆಯ ತಪ್ಪನ್ನು ತಿದ್ದುವುದಕ್ಕಾಗಿಯೇ ಕಾನೂನಿನ ಪ್ರಕಾರ ಏರ್ಪಟ್ಟ ಮಂಡಲಿಗಳಿವೆ. ಅಲ್ಲದೆ, ತಿದ್ದುವುದಕ್ಕೆ ಆಧಾರವಾಗಬೇಕಾದ ಕಾಗದಗಳೇ ಸುಟ್ಟು ಬೂದಿಯಾದ ಕಥೆಯೂ ಆ ದೇಶದ್ದೇ.

ಅಮೆರಿಕದ ಸೈನಿಕನು ಸೇವೆಯಿಂದ ಬಿಡುಗಡೆ ಹೊಂದುವಾಗ ಅವನ ಕೈಗೆ ಒಂದು ಕಾಗದವನ್ನು ಕೊಡುತ್ತಾರೆ. ೧೯೫೦ರಿಂದ ಈಚೆಗೆ ಇದಕ್ಕೆ ಡಿ.ಡಿ. ೨೧೪ ಎಂದು ಹೆಸರು. ಅದಕ್ಕೆ ಹಿಂದೆ ಬೇರೆ ನಮೂನೆಗಳಿದ್ದವು. ಯಾವಾಗ ಸೇರಿದ, ಎಷ್ಟು ಕಾಲ ಸೇವೆ ಸಲ್ಲಿಸಿದ, ಯಾವ ದರ್ಜೆಗೆ ಏರಿದ, ಯಾವ ಯಾವ ಪದಕಗಳಿಗೆ ಪಾತ್ರನಾದ ಎಂಬುದೆಲ್ಲ ಅದರಲ್ಲಿ ಅಡಕ. ಮಾಜಿ ಸೈನಿಕರ ಆಸ್ಪತ್ರೆ, ಮನೆ ಕಟ್ಟುವ ಸಾಲ, ಕಟ್ಟಕಡೆಗೆ ಸೈನಿಕರ ಸ್ಮಶಾನದಲ್ಲಿ ಆರಡಿ ಮೂರಡಿ ಜಾಗ, ಎಲ್ಲಕ್ಕೂ ಅದೇ ರಹದಾರಿ.

ಇಂಥ ಕಾಗದದಲ್ಲಿ ಲೋಪ ನುಸುಳುವುದಕ್ಕೆ ಒಂದು ಕಾರಣ ಅವಸರ. ೧೯೪೫ರಲ್ಲಿ ಯೂರೋಪಿನ ಯುದ್ಧ ಮುಗಿದಾಗ ಲಕ್ಷಾಂತರ ಮಂದಿ ಒಟ್ಟಿಗೆ ಮನೆಯ ಕಡೆಗೆ ಮುಖ ಮಾಡಿ ನಿಂತರು. ಯಾರು ಮೊದಲು ಹೋಗಬೇಕೆಂಬುದನ್ನು ಗೊತ್ತುಮಾಡಲು ಭೂಸೈನ್ಯದವರು ಅಂಕಗಳ ಲೆಕ್ಕವೊಂದನ್ನು ಹೂಡಿದರು. ಸೇವೆಯ ಪ್ರತಿ ತಿಂಗಳಿಗೆ ಒಂದು ಅಂಕ, ಹೊರದೇಶದಲ್ಲಿ ಕಳೆದ ಪ್ರತಿ ತಿಂಗಳಿಗೆ ಇನ್ನೊಂದು, ಗಣನೆಗೆ ಬರುವ ಪ್ರತಿ ಪದಕಕ್ಕೆ ಐದು, ಮಗುವೊಂದಕ್ಕೆ ಹನ್ನೆರಡರಂತೆ ಮೂರು ಮಕ್ಕಳವರೆಗೆ. ಎಂಬತ್ತೈದು ಕೂಡಿದವನಿಗೆ ಊರು. ಎಂಬತ್ತರಲ್ಲಿ ನಿಂತವನ ಹೆಸರಿನ ಮುಂದೆ ಒಂದೇ ಒಂದು ಪದಕ ಬಿಟ್ಟುಹೋಗಿದ್ದರೂ ಹಡಗು ತಪ್ಪಿತೆಂದೇ ಅರ್ಥ. ಹೀಗೆ ಪದಕವೆಂಬುದು ಎದೆಯ ಅಲಂಕಾರ ಮಾತ್ರವಾಗಿರದೆ, ಹೆಂಡತಿ ಮಕ್ಕಳ ಮುಖ ಯಾವ ತಿಂಗಳು ನೋಡಬಹುದೆಂಬ ಲೆಕ್ಕವೂ ಆಗಿತ್ತು. ಬಿಡುಗಡೆಯ ದಿನ ಬಂದ ಮೇಲಾದರೋ, ಸಾಲು ಉದ್ದ, ಟೈಪು ಮಾಡುವ ಗುಮಾಸ್ತನಿಗೆ ಬಿಡುವಿಲ್ಲ. ರೈಲಿನ ಹೊತ್ತನ್ನೇ ನೆನೆಯುತ್ತ ನಿಂತ ಯುವಕನು ‘ಸ್ವಾಮಿ, ಒಂದು ಹೆಸರು ಬಿಟ್ಟುಹೋಗಿದೆ’ ಎಂದು ತಕರಾರು ತೆಗೆದು ಇನ್ನೆರಡು ದಿನ ಅಲ್ಲಿಯೇ ಉಳಿಯುವನೆ? ಕಣ್ಣುಮುಚ್ಚಿ ರುಜು ಹಾಕಿ ಹೊರಟುಬಿಡುತ್ತಿದ್ದನು.

ಎರಡನೆಯ ಕಾರಣ ಇದಕ್ಕಿಂತ ವಿಚಿತ್ರವಾದದ್ದು. ಇದರಲ್ಲಿ ಗುಮಾಸ್ತನದಾಗಲಿ ಸಿಪಾಯಿಯದಾಗಲಿ ತಪ್ಪೇ ಇರುವುದಿಲ್ಲ. ಬಿಡುಗಡೆಯ ಕಾಗದ ಆ ದಿನಕ್ಕೆ ಮುಗಿದುಹೋಗುತ್ತದೆ. ಪದಕಗಳನ್ನು ಮಂಜೂರು ಮಾಡುವ ಕೆಲಸ ಮಾತ್ರ ಮುಗಿಯುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಹೆಚ್ಚಿನ ಕಷ್ಟವನ್ನು ಉಂಡವರು ಕೆಸರಿನಲ್ಲಿ ನಡೆದ ಪದಾತಿಗಳು. ಹೋರಾಟದಲ್ಲಿ ಪಾಲುಗೊಂಡ ಪದಾತಿಗೆ ಬಂದೂಕಿನ ಚಿತ್ರವುಳ್ಳ ಒಂದು ನೀಲಿ ಬಿಲ್ಲೆಯನ್ನು ಕೊಡುತ್ತಿದ್ದರು. ೧೯೪೭ರಲ್ಲಿ ಸರ್ಕಾರವು, ೧೯೪೧ರ ಡಿಸೆಂಬರ್ ೭ರಿಂದ ೧೯೪೫ರ ಸೆಪ್ಟೆಂಬರ್ ೨ರವರೆಗಿನ ಕಾಲದಲ್ಲಿ ಈ ಬಿಲ್ಲೆಯನ್ನು ಅಥವಾ ರಣಭೂಮಿಯ ವೈದ್ಯ ಸಿಬ್ಬಂದಿಯ ಬಿಲ್ಲೆಯನ್ನು ಪಡೆದವರು ಬ್ರಾಂಜ್ ಸ್ಟಾರ್ ಪದಕಕ್ಕೂ ಅರ್ಹರು ಎಂದು ತೀರ್ಮಾನಿಸಿತು. ಅಷ್ಟು ಹೊತ್ತಿಗೆ ಅವರೆಲ್ಲ ಊರು ಸೇರಿ, ಹೊಲ ಉಳುತ್ತಲೋ ಕಾರ್ಖಾನೆಗೆ ಹೋಗುತ್ತಲೋ ಇದ್ದರು. ಪದಕ ಬೇಕೆಂದರೆ ತಾವೇ ಅರ್ಜಿ ಹಾಕಬೇಕು. ಅರ್ಜಿ ಹಾಕಬಹುದೆಂಬುದನ್ನು ಹೇಳುವವರು ಯಾರು? ತಾನು ಬ್ರಾಂಜ್ ಸ್ಟಾರಿಗೆ ಅರ್ಹನೆಂಬುದೇ ತಿಳಿಯದೆ ಕಣ್ಣು ಮುಚ್ಚಿದವರು ಎಷ್ಟೋ ಮಂದಿ.

ಇದೊಂದೇ ಅಲ್ಲ. ಯುದ್ಧಕೈದಿಗಳಾಗಿದ್ದವರಿಗೆಂದು ಒಂದು ಪದಕ ಏರ್ಪಟ್ಟದ್ದು ೧೯೮೫ರಲ್ಲಿ. ಅದು ಮೊದಲನೆಯ ಮಹಾಯುದ್ಧದ ಕೈದಿಗಳಿಗೂ ಸಲ್ಲುವಂತೆ ೧೯೧೭ರವರೆಗೆ ಹಿಂದಕ್ಕೆ ಅನ್ವಯಿಸಿತು. ಕೊರಿಯಾ ಗಣರಾಜ್ಯವು ತನ್ನ ನೆರವಿಗೆ ಬಂದ ಸೈನಿಕರಿಗೆ ೧೯೫೧ರಲ್ಲಿಯೇ ಪದಕವನ್ನು ನೀಡಬಯಸಿದ್ದರೂ ಅಮೆರಿಕ ಅದನ್ನು ಸ್ವೀಕರಿಸಲು ಒಪ್ಪಿದ್ದು ೧೯೯೯ರಲ್ಲಿ! ವಿಯೆಟ್ನಾಮಿನಲ್ಲಿ ದುಡಿದ ಅಮೆರಿಕದ ಭೂಸೈನ್ಯಕ್ಕೆಲ್ಲ ಆ ದೇಶದ ಶೌರ್ಯಚಿಹ್ನೆ ಸಲ್ಲುವುದೆಂಬ ಆಜ್ಞೆ ಹೊರಟದ್ದು ೧೯೭೪ರಲ್ಲಿ. ಅದಕ್ಕೆ ಮುಂಚೆ ಮನೆಗೆ ಹೋದವನ ಕಾಗದದಲ್ಲಿ ಅದು ಕಾಣುವುದಾದರೂ ಹೇಗೆ? ಇಂಥವನ್ನು ಸೇರಿಸುವುದು ಕಷ್ಟವಲ್ಲ. ಅವನು ಆ ಕಾಲದಲ್ಲಿ ಆ ಸ್ಥಳದಲ್ಲಿ ಇದ್ದನೆಂದು ಕಡತದಿಂದ ತಿಳಿದರೆ ಸಾಕು.

ನಿಜವಾದ ಕಷ್ಟ ಪರ್ಪಲ್ ಹಾರ್ಟ್ ಪದಕದ್ದು. ವಾಷಿಂಗ್ಟನ್ನನು ೧೭೮೨ರಲ್ಲಿ ಏರ್ಪಡಿಸಿ, ಆಮೇಲೆ ಮರೆತುಹೋಗಿದ್ದ ಒಂದು ಚಿಹ್ನೆಯನ್ನು ಅವನ ಇನ್ನೂರನೆಯ ಜನ್ಮದಿನವಾದ ೧೯೩೨ರ ಫೆಬ್ರವರಿ ೨೨ರಂದು ಪುನಃ ಜಾರಿಗೆ ತಂದರು. ಶತ್ರುವಿನ ಕೈಯಿಂದ ಗಾಯಗೊಂಡವರಿಗೆ ಇದು ಸಲ್ಲುತ್ತದೆ. ಆದರೆ ಗಾಯವಾದರೆ ಸಾಲದು. ಅದಕ್ಕೆ ವೈದ್ಯಾಧಿಕಾರಿಯ ಚಿಕಿತ್ಸೆ ಬೇಕಾಗಿತ್ತೆಂದೂ, ಆ ಚಿಕಿತ್ಸೆ ದಾಖಲೆಯಲ್ಲಿ ಸೇರಿದೆಯೆಂದೂ ತೋರಿಸಬೇಕು. ಗುಂಡುಗಳ ಮಳೆಯಲ್ಲಿ ಗೆಳೆಯನೊಬ್ಬ ಬಟ್ಟೆ ಹರಿದು ಕಟ್ಟಿದ ಕಟ್ಟಿಗೆ ರಿಜಿಸ್ಟರ್ ಇರುವುದಿಲ್ಲ. ಈ ನಿಯಮ ಅನ್ಯಾಯವೆಂದು ಹೇಳಲಾರೆ, ಏಕೆಂದರೆ ಕೇಳಿದವರಿಗೆಲ್ಲ ಕೊಟ್ಟರೆ ಪದಕಕ್ಕೆ ಬೆಲೆಯಿಲ್ಲ. ಆದರೂ ಲೇಖನಿ ಹಿಡಿದವನು ಎದುರಿಗಿದ್ದಾಗ ಗಾಯಗೊಂಡವನೇ ಪುಣ್ಯವಂತನಾಗುವ ಈ ಏರ್ಪಾಡು ಮನಸ್ಸನ್ನು ಚುಚ್ಚದಿರದು. ಈ ಪದಕವಿದ್ದವನಿಗೆ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಮೇಲಿನ ಸರದಿ ದೊರೆಯುತ್ತದೆಂಬುದನ್ನು ನೆನೆದರೆ ಇದು ಕೇವಲ ಗೌರವದ ಮಾತಲ್ಲವೆಂದು ತಿಳಿಯುತ್ತದೆ.

ಇನ್ನು ಬೆಂಕಿಯ ಸಂಗತಿ. ಸೈನಿಕರ ವೈಯಕ್ತಿಕ ಕಡತಗಳನ್ನು ಸೇಂಟ್ ಲೂಯಿ ನಗರದ ಹೊರವಲಯದಲ್ಲಿ ಆರು ಅಂತಸ್ತಿನ ಒಂದು ಭಾರಿ ಕಟ್ಟಡದಲ್ಲಿ ಇಟ್ಟಿದ್ದರು. ಬೆಂಕಿ ಬಿದ್ದರೆ ತಾನಾಗಿ ನೀರು ಚಿಮ್ಮಿಸುವ ಕೊಳವೆಗಳನ್ನು ಅಲ್ಲಿ ಹಾಕಿಸಿರಲಿಲ್ಲ. ನೀರು ಸೋರಿ ಕಾಗದ ಕೆಟ್ಟೀತೆಂಬ ಭಯ! ೧೯೭೩ರ ಜುಲೈ ೧೨ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಮೇಲಂತಸ್ತಿಗೆ ಬೆಂಕಿ ಬಿತ್ತು. ಪೂರ್ತಿ ಆರಿಸಲು ನಾಲ್ಕು ದಿನಗಳಿಗೂ ಹೆಚ್ಚು ಹಿಡಿಯಿತು. ಹೇಗೆ ಹತ್ತಿತೆಂಬುದು ಕೊನೆಗೂ ಖಚಿತವಾಗಲಿಲ್ಲ. ಸುಟ್ಟುಹೋದ ಕಡತಗಳು ಒಂದು ಕೋಟಿ ಅರವತ್ತು ಲಕ್ಷದಿಂದ ಒಂದು ಕೋಟಿ ಎಂಬತ್ತು ಲಕ್ಷ. ೧೯೧೨ರ ನವೆಂಬರಿನಿಂದ ೧೯೬೦ರ ಆರಂಭದವರೆಗೆ ಭೂಸೈನ್ಯವನ್ನು ಬಿಟ್ಟವರ ಕಡತಗಳಲ್ಲಿ ಶೇಕಡ ೮೦ ಭಾಗ ಹೋದವು; ಎಂದರೆ ಎರಡು ಮಹಾಯುದ್ಧಗಳು ಮತ್ತು ಕೊರಿಯಾ ಯುದ್ಧ ಬಹುಮಟ್ಟಿಗೆ ಹೋದಂತೆ. ವಾಯುಸೈನ್ಯದಲ್ಲಿ ೧೯೪೭ರಿಂದ ೧೯೬೪ರ ಆರಂಭದೊಳಗೆ ಬಿಡುಗಡೆಯಾದವರ ಪೈಕಿ, ಅಕಾರಾದಿಯಲ್ಲಿ ಹಬರ್ಡ್ ಎಂಬ ಹೆಸರಿನಿಂದ ಮುಂದಿನವರ ಕಡತಗಳಲ್ಲಿ ಶೇಕಡ ೭೫ ನಾಶವಾದವು. ಹೆಸರಿನ ಮೊದಲಕ್ಷರ ಒಬ್ಬನ ಚರಿತ್ರೆಯನ್ನು ಉಳಿಸಿತು, ಇನ್ನೊಬ್ಬನದನ್ನು ಅಳಿಸಿತು. ಯಾವುದಕ್ಕೂ ನಕಲಿರಲಿಲ್ಲ, ಸೂಚಿಯೂ ಇರಲಿಲ್ಲ. ನಮ್ಮ ಸೈನ್ಯದಲ್ಲಿ ರೆಜಿಮೆಂಟುಗಳಿಗೂ ವಿಭಾಗಗಳಿಗೂ ಬೇರೆ ಬೇರೆ ರೆಕಾರ್ಡ್ ಆಫೀಸುಗಳಿದ್ದು, ಮದ್ರಾಸ್ ಸ್ಯಾಪರ್ಸ್‌ನವರದು ಬೆಂಗಳೂರಿನಲ್ಲಿಯೇ ಇದೆ. ಎಲ್ಲ ಮೊಟ್ಟೆಗಳನ್ನೂ ಒಂದೇ ಬುಟ್ಟಿಯಲ್ಲಿ ಇಡದ ಈ ಹಳೆಯ ಪದ್ಧತಿಯನ್ನು ಹಳತೆಂದು ಹಳಿಯುವವರು ಸೇಂಟ್ ಲೂಯಿಯನ್ನು ನೆನೆಯುವುದು ಒಳ್ಳೆಯದು.

ಬೆಂಕಿಗಿಂತ ಮೇಲೆ ನೀರಿನ ಕಾಟ. ನೆನೆದ ಕಡತಗಳಿಗೆ ಬೂಷ್ಟು ಹಿಡಿಯುವ ಮೊದಲೇ ಅವನ್ನು ಒಣಗಿಸಬೇಕಾಗಿತ್ತು. ಅದೇ ಊರಿನ ವಿಮಾನ ಕಾರ್ಖಾನೆಯೊಂದರ ನಿರ್ವಾತ ಕೋಣೆಯಲ್ಲಿಟ್ಟು ಕಾಗದದ ನೀರನ್ನು ಹೀರಿ ತೆಗೆದರು. ಹೀಗೆ ಸುಮಾರು ೬೫ ಲಕ್ಷ ಕಡತಗಳು, ಅಂಚು ಸುಟ್ಟು ಕಪ್ಪಾಗಿದ್ದರೂ, ಉಳಿದುಕೊಂಡವು.

ಕಡತವೇ ಸುಟ್ಟವನು ಏನು ಮಾಡಬೇಕು? ಸರ್ಕಾರದ ಒಂದು ಮನೆಯಲ್ಲಿ ಸುಟ್ಟದ್ದು ಇನ್ನೊಂದು ಮನೆಯಲ್ಲಿ ಬೇರೆ ರೂಪದಲ್ಲಿ ಉಳಿದಿರುವುದುಂಟು. ಕಡೆಯ ಸಂಬಳದ ಚೀಟಿ ಲೆಕ್ಕದವರ ಬಳಿ ಇರುತ್ತದೆ. ಪ್ರತಿಯೊಂದು ಕಂಪನಿಯೂ ದಿನದಿನ ಬೆಳಗ್ಗೆ ಬರೆಯುತ್ತಿದ್ದ ವರದಿಯಲ್ಲಿ ಯಾರು ಬಂದರು, ಯಾರು ಸತ್ತರು, ಯಾರನ್ನು ಆಸ್ಪತ್ರೆಗೆ ಸಾಗಿಸಿದರು ಎಂಬುದು ಸಿಕ್ಕುತ್ತದೆ. ಆದರೆ ಅದನ್ನು ಹುಡುಕಲು ಸಿಪಾಯಿಯ ಹೆಸರೊಂದೇ ಸಾಲದು. ಯಾವ ಕಂಪನಿ, ಯಾವ ತಿಂಗಳು ಎಂಬುದು ಬೇಕು. ಎಂಬತ್ತು ದಾಟಿದ ಮುದುಕನಿಗೆ ಗುಂಡು ತಗುಲಿದ ಕ್ಷಣ ನೆನಪಿರುತ್ತದೆ, ತಾರೀಖು ನೆನಪಿರುವುದಿಲ್ಲ. ಇನ್ನೊಂದು ಆಧಾರ ಅನಿರೀಕ್ಷಿತವಾಗಿ ದೊರೆಯಿತು. ಸೈನ್ಯದ ವೈದ್ಯಶಾಖೆಯವರು ರೋಗಗಳ ಅಂಕಿಅಂಶಕ್ಕಾಗಿ ೧೯೪೨ರಿಂದ ೧೯೪೫ರವರೆಗಿನ ಮತ್ತು ೧೯೫೦ರಿಂದ ೧೯೫೪ರವರೆಗಿನ ಆಸ್ಪತ್ರೆ ದಾಖಲಾತಿಗಳನ್ನು ಸಂಕೇತಗಳಲ್ಲಿ ಬರೆದಿಟ್ಟಿದ್ದರು. ೧೯೮೮ರಲ್ಲಿ ಇವು ಬೆಳಕಿಗೆ ಬಂದವು. ಹೆಸರುಗಳಿಲ್ಲ; ಸೈನಿಕನ ನಂಬರು ಮಾತ್ರ ಇದೆ. ಅಂಕಿಅಂಶದವನ ಒಣ ಲೆಕ್ಕ, ನಂಬರನ್ನು ಮರೆಯದ ಸಿಪಾಯಿಗೆ ಗಾಯದ ಸಾಕ್ಷಿಯಾಗಿ ಒದಗಿತು! ಇವುಗಳ ಜೊತೆಗೆ, ಮಗ ಗಾಯಗೊಂಡಿದ್ದಾನೆಂದು ತಾಯಿಗೆ ಬಂದ ತಂತಿ, ಆಗ ಮನೆಗೆ ಬರೆದ ಪತ್ರ, ಜೊತೆಯಲ್ಲಿದ್ದವರ ಪ್ರಮಾಣಪತ್ರ ಎಲ್ಲವೂ ಪರಿಶೀಲನೆಗೆ ಬರುತ್ತವೆ. ಗೆಳೆಯನ ಮಾತೊಂದರಿಂದಲೇ ಕೆಲಸ ನಡೆಯುವುದು ಅಪರೂಪ. ಕಾಗದವೊಂದು ಅದಕ್ಕೆ ಹೆಗಲು ಕೊಡಬೇಕು.

ಮೊದಲು ಸೇಂಟ್ ಲೂಯಿಗೆ ಅರ್ಜಿ. ಸೇವೆಯ ಪದಕ ಸ್ಪಷ್ಟವಾಗಿದ್ದರೆ ಅಲ್ಲಿಂದಲೇ ಕೆಲಸ ಮುಗಿಯುತ್ತದೆ. ಹಳೆಯ ಕಾಗದವನ್ನು ಹರಿದು ಹೊಸದನ್ನು ಬರೆಯುವ ಪದ್ಧತಿಯಿಲ್ಲ. ಡಿ.ಡಿ. ೨೧೫ ಎಂಬ ತಿದ್ದುಪಡಿಯ ಹಾಳೆಯನ್ನು ಅದರ ಜೊತೆಗೆ ಸೇರಿಸುತ್ತಾರೆ. ಅಲ್ಲಿ ಆಗದಿದ್ದರೆ ಮಂಡಲಿಯ ಮೆಟ್ಟಿಲು ಹತ್ತಬೇಕು. ೧೯೪೬ಕ್ಕೆ ಮುಂಚೆ ಇಂಥ ತಿದ್ದುಪಡಿಗೆ ತಮ್ಮ ಪ್ರತಿನಿಧಿಯನ್ನು ಹಿಡಿದು ಕಾಂಗ್ರೆಸ್ ಸಭೆಯಲ್ಲಿ ಪ್ರತ್ಯೇಕ ಮಸೂದೆ ತರಿಸಬೇಕಾಗಿತ್ತು. ಒಬ್ಬ ಸಿಪಾಯಿಯ ಕಾಗದ ತಿದ್ದಲು ಇಡೀ ದೇಶದ ಶಾಸನಸಭೆ! ಆ ವರ್ಷದ ಕಾನೂನು ಇದನ್ನು ತಪ್ಪಿಸಿ ಆ ಅಧಿಕಾರವನ್ನು ಆಯಾ ಇಲಾಖೆಗೆ ಒಪ್ಪಿಸಿತು. ಸಮವಸ್ತ್ರ ಧರಿಸದ ನಾಗರಿಕರೇ ಮಂಡಲಿಯ ಸದಸ್ಯರಾದರು. ಅರ್ಜಿಯ ನಮೂನೆ ಡಿ.ಡಿ. ೧೪೯, ಶುಲ್ಕವಿಲ್ಲ, ವಕೀಲನೂ ಕಡ್ಡಾಯವಲ್ಲ. ತಪ್ಪು ಕಂಡ ಮೂರು ವರ್ಷಗಳೊಳಗೆ ಬರಬೇಕೆಂಬ ನಿಯಮವಿದೆ, ಆದರೆ ನ್ಯಾಯದ ದೃಷ್ಟಿಯಿಂದ ಮಂಡಲಿ ಅದನ್ನು ಮನ್ನಿಸಬಲ್ಲದು. ಐವತ್ತು ಅರವತ್ತು ವರ್ಷಗಳ ಮೇಲೆ ಬಂದವರನ್ನೂ ವಿಚಾರಿಸಿದ್ದಾರೆ. ಸೈನಿಕನು ತೀರಿಕೊಂಡಿದ್ದರೆ ಹತ್ತಿರದ ಬಂಧುಗಳೂ ಬರಬಹುದು. ಒಂದು ಮಾತು ಮಾತ್ರ ಗಟ್ಟಿ: ಸರ್ಕಾರದ ದಾಖಲೆ ಸರಿಯೆಂದೇ ಮಂಡಲಿ ಹೊರಡುತ್ತದೆ, ತಪ್ಪೆಂದು ತೋರಿಸುವ ಭಾರ ಅರ್ಜಿದಾರನದು. ಆ ದಾಖಲೆಯನ್ನು ಸರ್ಕಾರವೇ ಕಳೆದಿದ್ದರೂ ಈ ಭಾರ ಕಡಮೆಯಾಗದೆಂಬುದು ನನಗೆ ಒಪ್ಪಿಗೆಯಾಗದ ಸಂಗತಿ.

ಶೌರ್ಯಪದಕಗಳ ದಾರಿ ಬೇರೆ. ಅಲ್ಲಿ ಮೇಲಧಿಕಾರಿಯ ಶಿಫಾರಸು ಗೊತ್ತಾದ ಅವಧಿಯೊಳಗೆ ಬರಬೇಕು. ಅವಧಿ ಮೀರಿದ್ದರೆ, ೧೯೯೬ರ ಕಾನೂನಿನ ಪ್ರಕಾರ, ಕಾಂಗ್ರೆಸ್ ಸದಸ್ಯನೊಬ್ಬನ ಮೂಲಕ ಪುನರ್ವಿಚಾರಣೆ ಕೇಳಬಹುದು. ಶಿಫಾರಸು ಬರೆಯಬೇಕಾದವನೇ ಬರೆಯದಿದ್ದರೆ? ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದ ಕಪ್ಪು ಜನಾಂಗದ ಸೈನಿಕರಲ್ಲಿ ಒಬ್ಬನಿಗಾದರೂ ದೇಶದ ಅತ್ಯುನ್ನತ ಪದಕವಾದ ಮೆಡಲ್ ಆಫ್ ಆನರ್ ದೊರೆತಿರಲಿಲ್ಲ. ೧೯೯೭ರ ಜನವರಿಯಲ್ಲಿ ಏಳು ಮಂದಿಗೆ ಅದನ್ನು ಕೊಟ್ಟಾಗ ಜೀವಂತನಾಗಿದ್ದವನು ವರ್ನನ್ ಬೇಕರ್ ಒಬ್ಬನೇ.

ಟಿಬೋರ್ ರುಬಿನ್ನನ ಕಥೆ ಇನ್ನೂ ಮನಕಲಕುವಂಥದು. ಹಂಗೇರಿಯಲ್ಲಿ ಹುಟ್ಟಿದ ಈ ಯೆಹೂದಿ ಬಾಲಕನನ್ನು ನಾಟ್ಸಿಗಳ ಮೌಟ್‌ಹೌಸೆನ್ ಸೆರೆಶಿಬಿರದಿಂದ ೧೯೪೫ರಲ್ಲಿ ಬಿಡಿಸಿದವರು ಅಮೆರಿಕದ ಸೈನಿಕರು. ಆ ಋಣಕ್ಕಾಗಿ ಅವನು ಅದೇ ಸೈನ್ಯವನ್ನು ಸೇರಿ ಕೊರಿಯಾಕ್ಕೆ ಹೋದನು. ಒಂದು ಗುಡ್ಡವನ್ನು ಒಂದು ಹಗಲು ಒಂದು ರಾತ್ರಿ ಒಬ್ಬನೇ ಕಾದನು. ಆಮೇಲೆ ಸೆರೆಸಿಕ್ಕಿ ಚೀನೀಯರ ಶಿಬಿರದಲ್ಲಿ ಮೂವತ್ತು ತಿಂಗಳು ಕಳೆದನು. ಹಂಗೇರಿಗೆ ಕಳುಹಿಸುತ್ತೇವೆಂದರೂ ಒಪ್ಪದೆ, ರಾತ್ರಿ ಹೊತ್ತು ನುಸುಳಿ ಹೋಗಿ ಆಹಾರ ಕದ್ದು ತಂದು ಜೊತೆಯವರಿಗೆ ಹಂಚಿದನು. ಹೀಗೆ ನಲವತ್ತು ಮಂದಿಯವರೆಗೆ ಬದುಕಿದರೆಂದು ಲೆಕ್ಕ. ಅವನಿಗೆ ಪದಕ ಸಲ್ಲಬೇಕೆಂದು ಮೇಲಿನವರು ಹೇಳಿದ್ದರೂ, ಯೆಹೂದಿಗಳನ್ನು ದ್ವೇಷಿಸುತ್ತಿದ್ದ ಸಾರ್ಜೆಂಟ್ ಒಬ್ಬನು ಕಾಗದವನ್ನು ಬರೆಯಲೇ ಇಲ್ಲವೆಂದು ಜೊತೆಯ ಸೈನಿಕರು ಸಾಕ್ಷಿ ನುಡಿದರು. ಹೇಳಿದ್ದ ಅಧಿಕಾರಿಗಳು ಯುದ್ಧದಲ್ಲಿ ಮಡಿದರು. ಜೊತೆಯವರು ಮಾತ್ರ ಬದುಕಿ ಮರಳಿದ್ದರು. ಅವರ ಮಾತೇ ಕಡೆಗೆ ಬರೆಯದೆ ಹೋದ ಕಾಗದದ ಸ್ಥಾನದಲ್ಲಿ ನಿಂತಿತು. ೨೦೦೫ರ ಸೆಪ್ಟೆಂಬರ್ ೨೩ರಂದು ಶ್ವೇತಭವನದಲ್ಲಿ ಅಧ್ಯಕ್ಷರು ರುಬಿನ್ನನ ಕೊರಳಿಗೆ ಪದಕವನ್ನು ತೊಡಿಸಿದರು. ಆಗ ಅವನ ವಯಸ್ಸು ಎಪ್ಪತ್ತಾರು.