ಅತಿವಾಹಕ ಅಯಸ್ಕಾಂತದ ಗುಂಡಿಫಲಕ

ದೊಡ್ಡ ಆಸ್ಪತ್ರೆಗಳಲ್ಲಿ ಎಂ.ಆರ್.ಐ. ಪರೀಕ್ಷೆಗೆ ಒಳಗಾದವರು ನಮ್ಮ ಪೋಷಕರಲ್ಲಿಯೂ ಕೆಲವರಿರಬಹುದು. ಆ ಯಂತ್ರದ ಅಯಸ್ಕಾಂತಕ್ಕೆ ಸಾಮಾನ್ಯವಾಗಿ ಸ್ಥಾಪನೆಯ ಕಾಲದಲ್ಲಿ ಒಮ್ಮೆ ತುಂಬಿದ ವಿದ್ಯುತ್ಪ್ರವಾಹವು ವರ್ಷಗಟ್ಟಲೆ ಸುರುಳಿಯಲ್ಲಿ ತಾನೇ ತಾನಾಗಿ ಸುತ್ತುತ್ತಿರುತ್ತದೆಂದರೆ ಆಶ್ಚರ್ಯವಾದೀತು. ಹಾಲೆಂಡಿನ ವಿಜ್ಞಾನಿ ಕಾಮರ್ಲಿಂಗ್ ಓನ್ನೆಸ್ ಅವರು 1911ರಲ್ಲಿ ಪಾದರಸವನ್ನು ದ್ರವ ಹೀಲಿಯಮ್ಮಿನ ಶೈತ್ಯಕ್ಕೆ ಇಳಿಸಿದಾಗ, ಅದರ ವಿದ್ಯುತ್ ರೋಧವು ಹಠಾತ್ತನೆ ಮಾಯವಾದುದನ್ನು ಕಂಡರು. ಇದೇ ಅತಿವಾಹಕತೆ. ಇಂದು ಹೆಚ್ಚಾಗಿ ಬಳಸುವ ನಿಯೋಬಿಯಂ-ಟೈಟೇನಿಯಂ ತಂತಿಯ ಸುರುಳಿಯನ್ನು ಸುಮಾರು ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗಿನ ದ್ರವ ಹೀಲಿಯಮ್ಮಿನಲ್ಲಿ ಮುಳುಗಿಸಿಡುತ್ತಾರೆ.

ಸಂಶೋಧನಾಲಯಗಳಲ್ಲಿ ಮಾತ್ರ ಕಾಂತಬಲವನ್ನು ಮೇಲಿಂದ ಮೇಲೆ ಏರಿಸಿ ಇಳಿಸಬೇಕಾಗುತ್ತದೆ. ಪ್ರವಾಹ ಒದಗಿಸುವ ಪೆಟ್ಟಿಗೆಯ ಮುಂಭಾಗದಲ್ಲಿ ಅಂಕಿಗಳ ಗುಂಡಿಗಳಿರುತ್ತವೆ. ಅಲ್ಲಿ 100 ಎಂದು ಒತ್ತಿದೊಡನೆ 100 ಆಂಪಿಯರ್ ಹರಿಯುವುದಿಲ್ಲ. ಅದು ತಲುಪಬೇಕಾದ ಗುರಿ ಮಾತ್ರ. ಯಾವ ವೇಗದಲ್ಲಿ ಏರಬೇಕೆಂಬುದನ್ನೂ ಬೇರೆಯಾಗಿ ನಮೂದಿಸಿ, ಅನಂತರ ಏರಿಕೆಯ ಗುಂಡಿಯನ್ನು ಒತ್ತತಕ್ಕದ್ದು. ನಡುವೆ ನಿಲ್ಲಿಸುವುದಕ್ಕೂ ಶೂನ್ಯಕ್ಕೆ ಇಳಿಸುವುದಕ್ಕೂ ಬೇರೆ ಗುಂಡಿಗಳುಂಟು.

ಇಷ್ಟು ನಿಧಾನವೇಕೆ? ಸುರುಳಿಯು ಪ್ರವಾಹದ ಬದಲಾವಣೆಯನ್ನು ವಿರೋಧಿಸುತ್ತದೆ. ಅದರ ಪ್ರೇರಕತೆ 10 ಹೆನ್ರಿ ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ 0.1 ಆಂಪಿಯರಿನಂತೆ ಏರಿಸಿದರೆ ಸುರುಳಿಯ ತುದಿಗಳ ನಡುವೆ 1 ವೋಲ್ಟ್ ಇರುತ್ತದೆ. 100 ಆಂಪಿಯರ್ ತಲುಪಲು 1000 ಸೆಕೆಂಡು, ಅಂದರೆ ಸುಮಾರು 17 ನಿಮಿಷ ಬೇಕು. ದಶಮಾಂಶ ಬಿಂದು ತಪ್ಪಿ 1 ಎಂದು ಒತ್ತಿದರೆ ವೋಲ್ಟು ಹತ್ತರಷ್ಟಾಗುತ್ತದೆ. ಬಿಂದು ಬಿಟ್ಟರೆ ಅರ್ಧ ಅಂಕ ತಾನೇ ಹೋಗುವುದು ಎನ್ನುವ ನಮ್ಮ ಹುಡುಗರು ಇದನ್ನು ಗಮನಿಸಬೇಕು. ಇಂತಹ ತಪ್ಪಿಗಾಗಿಯೇ ಪೆಟ್ಟಿಗೆಯಲ್ಲಿ ವೋಲ್ಟಿನ ಮಿತಿಯನ್ನೂ ಮೊದಲೇ ಗೊತ್ತುಮಾಡಿರುತ್ತಾರೆ. ಗುರಿ ಸಮೀಪಿಸಿದಂತೆ ವೇಗವನ್ನು ಇನ್ನೂ ತಗ್ಗಿಸುವುದು ವಾಡಿಕೆ.

ಎಲ್ಲಕ್ಕಿಂತ ಎಚ್ಚರ ಬೇಕಾದುದು ಹೀಟರಿನ ಗುಂಡಿಯ ವಿಷಯದಲ್ಲಿ. ಸುರುಳಿಯ ಎರಡು ತುದಿಗಳನ್ನು ಅತಿವಾಹಕ ತಂತಿಯ ತುಂಡೊಂದು ಕೂಡಿಸುತ್ತದೆ. ಅದಕ್ಕೆ ಪುಟ್ಟ ಹೀಟರನ್ನು ಸುತ್ತಿರುತ್ತಾರೆ. ಬಿಸಿಯಾದಾಗ ಆ ತುಂಡು ರೋಧವನ್ನು ಪಡೆದು, ಪೆಟ್ಟಿಗೆಯ ಪ್ರವಾಹವನ್ನು ಸುರುಳಿಯೊಳಗೆ ಹೋಗಗೊಡುತ್ತದೆ. ಗುರಿ ತಲುಪಿದ ಮೇಲೆ ಹೀಟರನ್ನು ಆರಿಸಿ, ತುಂಡು ತಣಿಯುವವರೆಗೆ ಕಾದರೆ ವೃತ್ತವು ಮುಚ್ಚುತ್ತದೆ. ಇನ್ನು ಪೆಟ್ಟಿಗೆಯನ್ನು ಶೂನ್ಯಕ್ಕೆ ಇಳಿಸಿದರೂ ಸುರುಳಿಯಲ್ಲಿ 100 ಆಂಪಿಯರ್ ಸುತ್ತುತ್ತಲೇ ಇರುತ್ತದೆ.

ಅಪಾಯವಿರುವುದು ಇಲ್ಲಿಯೇ. ಮರುದಿನ ಬಂದವನು ಪೆಟ್ಟಿಗೆಯ ಶೂನ್ಯವನ್ನು ಕಂಡು, ಅಯಸ್ಕಾಂತವೂ ಬರಿದೆಂದು ಬಗೆದು ಹೀಟರನ್ನು ಹಚ್ಚಿದನೆನ್ನಿ. ಒಳಗೆ 100, ಹೊರಗೆ 0. ಈ ಅಂತರದಿಂದ ಸುರುಳಿಯ ಅತಿವಾಹಕತೆಯೇ ಕೆಡಬಹುದು. ಇದಕ್ಕೆ ಕ್ವೆಂಚ್ ಎನ್ನುತ್ತಾರೆ. ನಮ್ಮ ಉದಾಹರಣೆಯ ಸುರುಳಿಯಲ್ಲಿ ಅಡಗಿರುವ ಶಕ್ತಿ 50,000 ಜೂಲ್. ಅದೆಲ್ಲ ಶಾಖವಾಗಿ ಹೀಲಿಯಮ್ಮಿಗೆ ಸೇರಿದರೆ ಸುಮಾರು 20 ಲೀಟರ್ ದ್ರವವು ಕುದಿದುಹೋಗುತ್ತದೆ. ಒಂದೊಂದು ಲೀಟರೂ ಕೋಣೆಯ ಉಷ್ಣತೆಯಲ್ಲಿ 700 ಲೀಟರಿಗೂ ಮಿಕ್ಕಿದ ಅನಿಲವಾಗುತ್ತದೆ. ಹೊರದಾರಿಯಿಲ್ಲದ ಕೋಣೆಯಲ್ಲಿ ಅದು ಉಸಿರಾಡುವ ಗಾಳಿಯನ್ನೇ ಹೊರದಬ್ಬಿ ಪ್ರಾಣಕ್ಕೆ ಎರವಾಗಬಲ್ಲುದು.

ಆದುದರಿಂದ ಪ್ರವಾಹವನ್ನು ಒಳಗೆ ಬಿಟ್ಟು ಹೋಗುವವನು ಅದರ ಮೊತ್ತವನ್ನೂ ದಿಕ್ಕನ್ನೂ ದಿನಚರಿ ಪುಸ್ತಕದಲ್ಲಿ ಬರೆದಿಡಬೇಕು. ಬರುವವನು ಮೊದಲು ಅದನ್ನು ಓದಿ, ಪೆಟ್ಟಿಗೆಯನ್ನು ಅದೇ ದಿಕ್ಕಿನಲ್ಲಿ ಅದೇ 100ಕ್ಕೆ ಏರಿಸಿ, ಎರಡೂ ಸಮವಾದ ಮೇಲೆಯೇ ಹೀಟರನ್ನು ಹಚ್ಚಿ, ಅನಂತರ ಮೆಲ್ಲನೆ ಶೂನ್ಯದ ಕಡೆಗೆ ಇಳಿಸತಕ್ಕದ್ದು.