ಪರನಕ್ಷತ್ರದಿಂದ ಬಂದ ಧೂಮಕೇತು

ಧೂಮಕೇತುವೆಂದೊಡನೆ ನಮ್ಮ ಮನೆಗಳಲ್ಲಿ ಹಿರಿಯರ ಮುಖವು ಇಂದಿಗೂ ಸ್ವಲ್ಪ ಬಾಡುವುದುಂಟು. ದೊರೆಗೆ ಕೇಡು, ನಾಡಿಗೆ ಕ್ಷಾಮ ಎಂಬ ನಂಬಿಕೆ ಅಷ್ಟು ಹಳೆಯದು. ವರಾಹಮಿಹಿರಾಚಾರ್ಯರು ಬೃಹತ್ಸಂಹಿತೆಯ ಕೇತುಚಾರಾಧ್ಯಾಯದಲ್ಲಿ ಇಂಥ ಫಲಗಳನ್ನು ವಿಸ್ತಾರವಾಗಿ ಹೇಳಿರುವರಾದರೂ, ಕೇತುಗಳ ಉದಯಾಸ್ತಗಳು ಗಣಿತಕ್ಕೆ ಸಿಕ್ಕುವುವಲ್ಲವೆಂದು ಮೊದಲೇ ಒಪ್ಪಿಕೊಂಡಿರುವರು. ಕೇತುಗಳು ನೂರೊಂದೆಂದು ಕೆಲವರೂ, ಸಾವಿರವೆಂದು ಮತ್ತೆ ಕೆಲವರೂ, ಬಹುರೂಪಿಯಾದ ಒಂದೇ ಎಂದು ನಾರದರೂ ಹೇಳಿದರೆಂಬುದನ್ನು ಅವರೇ ಬರೆದಿಟ್ಟಿರುವರು. ಆ ಪ್ರಾಮಾಣಿಕತೆಯು ನಮಗೆ ಬಹು ಪ್ರಿಯವಾದುದು. ಅಂದು ಸಾಧ್ಯವಾಗದ ಗಣಿತವು ಈಗ ಎಲ್ಲಿಗೆ ಬಂದಿರುವುದೆಂಬುದನ್ನು 2025ನೆಯ ಇಸವಿಯ ಒಂದು ಧೂಮಕೇತುವಿನಿಂದ ವಾಚಕರು ತಿಳಿಯಬಹುದು.

ಆ ವರ್ಷದ ಜುಲೈ 1ರಂದು ಚಿಲಿ ದೇಶದ ರಿಯೋ ಉರ್ತಾದೊ ಎಂಬಲ್ಲಿರುವ ಅಟ್ಲಾಸ್ ದೂರದರ್ಶಕಕ್ಕೆ ಮಸುಕಾದ ಒಂದು ಚುಕ್ಕೆ ಗೋಚರಿಸಿತು. ಭೂಮಿಗೆ ಬಡಿಯಬಹುದಾದ ಬಂಡೆಗಳನ್ನು ಮುಂಚಿತವಾಗಿ ಕಂಡುಹಿಡಿಯುವ ಕಾವಲಿನ ಕೆಲಸ ಆ ಯಂತ್ರದ್ದು. ಚುಕ್ಕೆಯು ಆಗ ಸೂರ್ಯನಿಂದ ಸುಮಾರು 67 ಕೋಟಿ ಕಿಲೋಮೀಟರು ದೂರದಲ್ಲಿತ್ತು. ಅಷ್ಟು ದೂರದಲ್ಲಿರುವ ವಸ್ತುವಿಗೆ ಸೆಕೆಂಡಿಗೆ 20 ಕಿಲೋಮೀಟರು ವೇಗವಿದ್ದರೆ ಸಾಕು, ಸೂರ್ಯನ ಆಕರ್ಷಣೆಯನ್ನು ಕಡಿದುಕೊಂಡು ಹೊರಟುಹೋಗಬಲ್ಲುದು. ಇದರ ವೇಗವಾದರೋ 61 ಕಿಲೋಮೀಟರು! ಅಂದಮೇಲೆ ಇದು ನಮ್ಮ ಸೂರ್ಯನ ಪ್ರಜೆಯಲ್ಲ. ಅನ್ಯನಕ್ಷತ್ರವೊಂದರ ನೆರೆಯಿಂದ ಬಂದುದು. ಇಂಥವು ಹಿಂದೆ ಎರಡು ಮಾತ್ರ ಕಂಡಿದ್ದುವು: 2017ರ ಔಮುವಾಮುವಾ ಒಂದು, 2019ರಲ್ಲಿ ಕ್ರಿಮಿಯಾದ ಬೋರಿಸೋವ್ ಎಂಬ ಹವ್ಯಾಸಿಯು ತಾನೇ ಕಟ್ಟಿಕೊಂಡ ದೂರದರ್ಶಕದಿಂದ ಕಂಡುದು ಇನ್ನೊಂದು. ಮೂರನೆಯದಾದುದರಿಂದ ಇದಕ್ಕೆ 3ಐ/ಅಟ್ಲಾಸ್ ಎಂದು ಹೆಸರಾಯಿತು.

ಒಂದು ರಾತ್ರಿಯ ಚುಕ್ಕೆಯಿಂದ ಮಾರ್ಗವು ನಿರ್ಣಯವಾಗುವುದಿಲ್ಲ. ಸ್ಥಿರನಕ್ಷತ್ರಗಳ ನಡುವೆ ಅದರ ಸ್ಥಾನವನ್ನು ಅನೇಕ ರಾತ್ರಿ ಅಳೆದು, ಆ ಸ್ಥಾನಗಳಿಗೆಲ್ಲ ಹೊಂದುವ ವಕ್ರರೇಖೆಯನ್ನು ಹುಡುಕಬೇಕು. ಲೆಕ್ಕದಲ್ಲಿ ಸಂಶಯ ಬಂದರೆ ವರ್ತಕನು ಹಳೆಯ ಖಾತೆಯನ್ನು ತೆಗೆಯುವಂತೆ, ಜ್ಯೋತಿರ್ವಿದರು ಹಿಂದೆ ತೆಗೆದಿಟ್ಟ ಚಿತ್ರಗಳನ್ನು ಶೋಧಿಸಿದರು. ಜೂನ್ 14ರ ಚಿತ್ರದಲ್ಲಿಯೇ ಅದು ಅಡಗಿತ್ತು. ಮಾರ್ಗವು ಅತಿಪರವಲಯವೆಂದು ಸಿದ್ಧವಾಯಿತು. ಉತ್ಕೇಂದ್ರತೆಯು 1ಕ್ಕಿಂತ ಕಡಿಮೆಯಾದರೆ ದೀರ್ಘವೃತ್ತ, ಅಂದರೆ ಮರಳಿ ಬರುವ ದಾರಿ. 1ನ್ನು ಮೀರಿದರೆ ನಂಟು ಹರಿಯಿತು. ಇದರದು 6ಕ್ಕೂ ಮಿಗಿಲು. 1986ರಲ್ಲಿ ಬಂದ ಹ್ಯಾಲಿಯು 2061ರಲ್ಲಿ ನಮ್ಮ ಮೊಮ್ಮಕ್ಕಳಿಗೆ ಕಾಣುವುದು. ಇದಾದರೋ ತಿಥಿಯ ಕಟ್ಟಿಲ್ಲದೆ ಬಂದ ನಿಜವಾದ ಅತಿಥಿ. ತಿಳಿಯಬೇಕಾದುದನ್ನೆಲ್ಲ ಕೆಲವೇ ತಿಂಗಳಲ್ಲಿ ತಿಳಿಯಬೇಕು. ತಪ್ಪಿದರೆ ಎಂದೆಂದಿಗೂ ಇಲ್ಲ.

ಅಂಥ ಸಮಯದಲ್ಲಿಯೇ ಒಂದು ವಿಘ್ನವು ಒದಗಿತು. ಅಕ್ಟೋಬರ್ 29ರಂದು ಅದು ಸೂರ್ಯನಿಗೆ ಅತಿ ಸಮೀಪ, ಸುಮಾರು 20 ಕೋಟಿ ಕಿಲೋಮೀಟರು ದೂರದಲ್ಲಿ ಸುತ್ತಿಹೋಯಿತು. ಆದರೆ ಆ ತಿಂಗಳಲ್ಲಿ ಭೂಮಿಗೆ ಅದು ಸೂರ್ಯನ ಹಿಂದೆ ಮರೆಯಾಗಿತ್ತು. ಕೈಹಿಡಿದುದು ಕುಜಗ್ರಹ. ಅಕ್ಟೋಬರ್ 3ರಂದು ಅದು ಕುಜನಿಂದ ಮೂರು ಕೋಟಿ ಕಿಲೋಮೀಟರಿಗಿಂತ ತುಸು ಕಡಿಮೆ ದೂರದಲ್ಲಿ ಹಾದಾಗ, ಅಲ್ಲಿನ ವಾಯುವನ್ನು ಪರೀಕ್ಷಿಸಲೆಂದು ಕಳುಹಿಸಿದ್ದ ಐರೋಪ್ಯ ನೌಕೆಯನ್ನು ಇದರ ಕಡೆಗೆ ತಿರುಗಿಸಿದರು. ಒಂದೇ ಬೆರಳನ್ನು ಎಡಗಣ್ಣಿನಿಂದಲೂ ಬಲಗಣ್ಣಿನಿಂದಲೂ ಬೇರೆ ಬೇರೆ ನೋಡಿದರೆ ಹಿಂದಿನ ಗೋಡೆಯ ಮೇಲೆ ಅದರ ಸ್ಥಾನವು ಸರಿಯುವುದನ್ನು ಮಕ್ಕಳೂ ಬಲ್ಲರು. ಭೂಮಿ ಒಂದು ಕಣ್ಣು, ಕುಜ ಇನ್ನೊಂದು ಕಣ್ಣು ಎಂಬಂತಾಗಿ, ಅದರ ಮಾರ್ಗವು ಹತ್ತುಪಾಲು ಹೆಚ್ಚು ನಿಖರವಾಯಿತು. ಎಷ್ಟು ಸೊಗಸಾದ ಉಪಾಯ!

ಧೂಮಕೇತುವನ್ನು ಅಳೆಯುವುದರಲ್ಲಿ ಇನ್ನೂ ಒಂದು ತೊಡಕುಂಟು. ಗಟ್ಟಿಯಾದ ನಡುಗಡ್ಡೆಯು ಮಂಜಿನಂಥ ಆವರಣದಲ್ಲಿ ಅಡಗಿರುವುದರಿಂದ ಯಾವ ಬಿಂದುವನ್ನು ಅಳೆಯಬೇಕೆಂಬುದೇ ಪ್ರಶ್ನೆ. ಇದರ ಗಡ್ಡೆಯ ಅಡ್ಡಳತೆ 5.6 ಕಿಲೋಮೀಟರನ್ನು ಮೀರದೆಂದು ಹಬಲ್ ದೂರದರ್ಶಕವು ತೋರಿಸಿತು. ಆವರಣದಲ್ಲಿ ನೀರಿನ ಆವಿಗಿಂತ ಇಂಗಾಲದ ಡೈಆಕ್ಸೈಡು ಬಹಳ ಹೆಚ್ಚೆಂದು ವೆಬ್ ದೂರದರ್ಶಕವು ಆಗಸ್ಟಿನಲ್ಲಿ ಕಂಡಿತು.

ಇದು ಯಾರೋ ಅನ್ಯಲೋಕದವರು ಕಳುಹಿಸಿದ ಯಂತ್ರವೆಂಬ ಗಾಳಿಮಾತೂ ಹಬ್ಬಿತ್ತು. ಬಿಸಿಲಿಗೆ ಅನಿಲವನ್ನೂ ಧೂಳನ್ನೂ ಉಗುಳಿ ಬಾಲ ಬೆಳೆಸುವುದು ಧೂಮಕೇತುವಿನ ಸಹಜಧರ್ಮ; ಇದೂ ಅದನ್ನೇ ಮಾಡಿತು. ಇನ್ನು ಅಪಾಯದ ಮಾತೆಂದರೆ, ಡಿಸೆಂಬರ್ 19ರಂದು ಭೂಮಿಗೆ ಅತಿ ಸಮೀಪವಾದಾಗಲೂ ಅದು 27 ಕೋಟಿ ಕಿಲೋಮೀಟರಿನಷ್ಟು ದೂರದಲ್ಲಿತ್ತು. ಸೂರ್ಯನಾದರೂ ನಮಗೆ ಅದಕ್ಕಿಂತ ಹತ್ತಿರ. 2026ರ ಮಾರ್ಚಿಯಲ್ಲಿ ಗುರುಗ್ರಹದಿಂದ ಸುಮಾರು 5 ಕೋಟಿ ಕಿಲೋಮೀಟರಿನಲ್ಲಿ ಹಾಯುವುದೆಂದು ತಿಂಗಳುಗಳ ಮೊದಲೇ ಲೆಕ್ಕಹಾಕಿಟ್ಟಿದ್ದರು.